ತಲೆಕೆಳಗಾದ ಮೊಹರು

ಜಸೂರ್ ತುರ್ಸುನೋವ್ ಹೇಳಿದ್ದು ಒಂದೇ ಒಂದು ಸುಳ್ಳು. ಅದೂ ದೊಡ್ಡದಲ್ಲ. ಕಟ್ಟಡ ವಿನ್ಯಾಸ ಕಲಿಯಲೆಂದು ಉಜ್ಬೇಕಿಸ್ತಾನದ ಕೋಕಂದದಿಂದ ಜಪಾನಿನ ಕನಜಾವಾಕ್ಕೆ ಬಂದು, ನಮ್ಮ ಯಾನಾಗಿ ಬೀದಿಯ ಹಿಸಾಯೊ ಅಜ್ಜಿಯ ಮನೆಯಲ್ಲಿ ಮಹಡಿಯ ಕೋಣೆ ಹಿಡಿದ ದಿನ, ಅಜ್ಜಿ ಚಹಾ ಕೊಡುತ್ತ, "ಮಾತಾಡ್ತೀರಿ ಸರಿ, ಜಪಾನೀ ಓದೋಕೂ ಬರುತ್ತಾ?" ಎಂದು ಕೇಳಿದ್ದಳು. "ಬರದೆ ಏನಜ್ಜಿ" ಎಂದುಬಿಟ್ಟ. ಅಜ್ಜಿ ಬೆರಗಾಗಿ ಹೊಗಳಿದಳು. ಹೊಗಳಿಕೆ ಚಹಾಕ್ಕಿಂತ ರುಚಿಯಾಗಿತ್ತು. ಆಮೇಲೆ ನಿಜ ಹೇಳುವ ಮುಹೂರ್ತ ಕೂಡಿ ಬರಲೇ ಇಲ್ಲ.

ಬರುವುದೇ ಇಲ್ಲವೆಂದಲ್ಲ. ಅಕ್ಷರಗಳ ಮುಖಪರಿಚಯ ಅವನಿಗಿತ್ತು. ಮದುವೆ ಮನೆಯಲ್ಲಿ ದೂರದ ನೆಂಟರನ್ನು ಕಂಡಾಗ ನಕ್ಕು ತಲೆಯಾಡಿಸುತ್ತೇವಲ್ಲ, ಅಷ್ಟು ಪರಿಚಯ. ಹೆಸರು ಮಾತ್ರ ನೆನಪಾಗುತ್ತಿರಲಿಲ್ಲ.

ಹೀಗಾಗಿ ವಾರಕ್ಕೊಮ್ಮೆ ಬೀದಿ ಸಂಘದ ಸುತ್ತೋಲೆ ಬಂದಾಗ ಜಸೂರ್ ಬಹಳ ಗಂಭೀರವಾಗಿ ನಡೆದುಕೊಳ್ಳುತ್ತಿದ್ದ. ಸುತ್ತೋಲೆಯೆಂದರೆ ಕ್ಲಿಪ್ಪು ಹಾಕಿದ ಒಂದು ರಟ್ಟು. ಅದು ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಮನೆಯ ಚೌಕದಲ್ಲಿ ಕೆಂಪು ಮೊಹರು ಒತ್ತಿ ಪಕ್ಕದ ಮನೆಗೆ ದಾಟಿಸುತ್ತಾರೆ. ಜಸೂರನ ಮಹಡಿಗೂ ಬೇರೆಯೇ ಒಂದು ಚೌಕವಿತ್ತು. ಜಸೂರ್ ರಟ್ಟನ್ನು ಕಣ್ಣಿನ ಹತ್ತಿರ ಹಿಡಿದು, "ಹೂಂ" ಎಂದು, ಅರ್ಧ ನಿಮಿಷ ಯೋಚಿಸಿ ಮೊಹರು ಒತ್ತುತ್ತಿದ್ದ. ಕಸದ ದಿನ ಬದಲಾದದ್ದಕ್ಕೂ "ಹೂಂ". ಸತ್ತವರ ಸುದ್ದಿಗೂ "ಹೂಂ".

ಈ "ಹೂಂ" ಅವನು ಕುರೊಸು ಮೇಷ್ಟ್ರಿಂದ ಕಲಿತದ್ದು. ಕುರೊಸು ಮೇಷ್ಟ್ರು ವಿನ್ಯಾಸದ ತರಗತಿಯ ಪ್ರೊಫೆಸರ್. ಅವರು ಯಾರನ್ನಾದರೂ ಹೊಗಳಿದ ದಾಖಲೆ ವಿಶ್ವವಿದ್ಯಾಲಯದಲ್ಲಿ ಎಲ್ಲೂ ಇಲ್ಲ. ಹೋದ ವರ್ಷ ಜಸೂರ್ ಮಾಡಿದ ಮಾದರಿ ನೋಡಿ "ಹೂಂ, ಇದರೊಳಗೆ ಜನ ಎಲ್ಲಿ?" ಎಂದರು. ಈ ವರ್ಷ ಅವನು ರಟ್ಟಿನಲ್ಲಿ ಕತ್ತರಿಸಿದ ನಲವತ್ತು ಮನುಷ್ಯರನ್ನು ಅಂಟಿಸಿಕೊಂಡು ಹೋದ. ಮೇಷ್ಟ್ರು ಕನ್ನಡಕ ಏರಿಸಿ ನೋಡಿದರು.

"ತುರ್ಸುನೋವ್, ಇವರು ಏನು ಮಾಡ್ತಿದಾರೆ?"

"ನಿಂತಿದ್ದಾರೆ, ಗುರುಗಳೇ."

"ಯಾಕೆ?"

ಜಸೂರನಿಗೆ ಉತ್ತರ ಹೊಳೆಯಲಿಲ್ಲ. ಆ ನಲವತ್ತು ಜನಕ್ಕೂ ಹೊಳೆದಂತೆ ಕಾಣಲಿಲ್ಲ. ಎರಡನೆಯ ಸಲವೂ ಫೇಲು. ಇನ್ನೊಂದು ಅವಕಾಶವಿತ್ತು, ಡಿಸೆಂಬರ್ ಹತ್ತಕ್ಕೆ. ಅದೂ ಹೋದರೆ ವಿದ್ಯಾರ್ಥಿವೇತನ ನಿಲ್ಲುತ್ತದೆ, ಕೋಕಂದಕ್ಕೆ ವಾಪಸು. ಅಲ್ಲಿ ಇಡೀ ಮೊಹಲ್ಲಾ ಕಹಳೆ ಊದಿಸಿ ಅವನನ್ನು ಬೀಳ್ಕೊಟ್ಟಿತ್ತು. ಕಹಳೆ ಊದಿಸಿಕೊಂಡು ಹೋದವನು ಬರಿಗೈಲಿ ಬಂದರೆ ಸೋದರಮಾವನ ಹೆಂಚು-ಬಿಲ್ಲೆಯ ಅಂಗಡಿಯಲ್ಲಿ ಲೆಕ್ಕ ಬರೆಯುತ್ತ ಕೂರಬೇಕು. ಮಾವ ಕುರ್ಚಿಯನ್ನೂ ಒರೆಸಿಟ್ಟಿದ್ದಾನೆಂದು ಅಮ್ಮ ಫೋನಿನಲ್ಲಿ ಹೇಳಿದ್ದಳು.

ನವೆಂಬರಿನ ಮೊದಲ ವಾರ, ಎರಡು ಕೈಯಲ್ಲೂ ಅಂಟು ಮೆತ್ತಿಕೊಂಡು ಮೂರನೆಯ ಮಾದರಿಯ ಮುಂದೆ ಅವನು ಕೂತಿದ್ದಾಗ ಸುತ್ತೋಲೆ ಬಂತು. ಎಂದಿನಂತೆ "ಹೂಂ" ಎಂದ. ಎರಡು ಬೆರಳಲ್ಲಿ ಮೊಹರು ಹಿಡಿದು ಒತ್ತಿದ. ಒತ್ತಿದ್ದು ತಲೆಕೆಳಗಾಗಿತ್ತು. ಅಂಟು ಒಣಗುವ ಗಡಿಬಿಡಿಯಲ್ಲಿ ಅವನು ಅದನ್ನು ನೋಡಲೂ ಇಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಮೊಹರಿಗೂ ಮುಖಭಾವವಿದೆ. ದೊಡ್ಡವರ ಮೊಹರಿನ ಪಕ್ಕ ಒತ್ತುವ ಗುಮಾಸ್ತ ತನ್ನದನ್ನು ಸ್ವಲ್ಪ ಅವರತ್ತ ವಾಲಿಸುತ್ತಾನೆ, ನಮಸ್ಕಾರ ಮಾಡಿದ ಹಾಗೆ. ತಲೆಕೆಳಗು ಒತ್ತಿದರೆ, "ಒತ್ತು ಅಂದಿರಿ, ಒತ್ತಿದ್ದೇನೆ, ನನಗಿದು ಸುತರಾಂ ಒಪ್ಪಿಗೆಯಿಲ್ಲ" ಎಂದರ್ಥ. ಅಷ್ಟು ಧೈರ್ಯ ಯಾನಾಗಿ ಬೀದಿಯಲ್ಲಿ ಹುಟ್ಟಿದವರಾರಿಗೂ ಬಂದಿರಲಿಲ್ಲ.

ಆ ವಾರದ ಸುತ್ತೋಲೆಯಲ್ಲಿದ್ದದ್ದು ಇಷ್ಟು: ಬೀದಿಯ ತುದಿಯ ತ್ಸುರು ಸಾರ್ವಜನಿಕ ಸ್ನಾನಗೃಹದ ಛಾವಣಿ ಸೋರುತ್ತಿದೆ, ಒಡೆಯರಿಗೆ ವಯಸ್ಸಾಗಿದೆ. ಆದ್ದರಿಂದ ಅದನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡುವುದು. ಎಲ್ಲರೂ ಒಪ್ಪಿ ಮೊಹರು ಒತ್ತಬೇಕಾಗಿ ವಿನಂತಿ. ಒಟ್ಟು ಮೂವತ್ತೊಂದು ಮನೆ. ಜಸೂರನ ಮುಂಚೆ ಹದಿನೇಳು ಮನೆಯವರು ನೆಟ್ಟಗೆ, ಅಂದವಾಗಿ ಒತ್ತಿದ್ದರು. ಅವರಲ್ಲಿ ಸ್ನಾನಗೃಹದ ಒಡೆಯ ತೊಕುಜಿ ತಾತನೂ ಒಬ್ಬ.

ಹದಿನೆಂಟನೆಯ ಚೌಕ ನೋಡಿದ ಹತ್ತೊಂಬತ್ತನೆಯ ಮನೆಯವರು, ಹಿಂದೆಂದೂ ನಡೆಯದ ಕೆಲಸ ಮಾಡಿದರು. ರಟ್ಟನ್ನು ಮುಂದಕ್ಕೆ ಕಳಿಸದೆ ಸಂಘದ ಅಧ್ಯಕ್ಷ ಓಗುಮಾರಿಗೆ ಹಿಂದಕ್ಕೆ ಕೊಂಡೊಯ್ದರು.

ಓಗುಮಾ ನಗರದ ನೀರು ಸರಬರಾಜು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಸವೆಸಿ ನಿವೃತ್ತರಾದವರು. ಮರುದಿನ ಬೆಳಿಗ್ಗೆ ಹುರುಳಿ ಮಿಠಾಯಿಯ ಡಬ್ಬ ಹಿಡಿದು ಜಸೂರನ ಕೋಣೆಗೆ ಬಂದರು. ಚಳಿಯ ಬಗ್ಗೆ ಹತ್ತು ನಿಮಿಷ, ಈ ಸಲದ ಏಡಿಯ ಬಗ್ಗೆ ಹತ್ತು ನಿಮಿಷ ಮಾತಾಡಿದರು.

"ಮತ್ತೆ, ಜಸೂರ್ ಸಾನ್, ನಿಮ್ಮ ಅಭಿಪ್ರಾಯ ಎಲ್ಲರಿಗೂ ಚೆನ್ನಾಗಿ ಕೇಳಿಸ್ತು" ಎಂದರು ಕೊನೆಗೆ, ಹೆಸರಿನ ಹಿಂದೆ ಗೌರವದ 'ಸಾನ್' ಹಚ್ಚಿ.

ಯಾವ ಅಭಿಪ್ರಾಯ? ಜಸೂರನಿಗೆ ತನ್ನ ಬಳಿ ಅಂಥದ್ದೊಂದು ಇದೆಯೆಂದೇ ಗೊತ್ತಿರಲಿಲ್ಲ. ಕೇಳಿದರೆ ಓದಿಲ್ಲವೆಂದು ಬಯಲಾಗುತ್ತದೆ. ಸುಮ್ಮನೆ, "ಹೂಂ" ಎಂದ.

"ಅಂದ್ರೆ, ಸ್ವಲ್ಪ ಹೊಂದಿಸಿಕೊಂಡು ಹೋಗೋದಕ್ಕೆ ಏನಾದ್ರೂ..."

ತೂಕದ ಮಾತೊಂದು ಬೇಕಾಗಿತ್ತು. ಮೇಷ್ಟ್ರು ಆಗಾಗ ಆಡುವ ಮಾತು ನೆನಪಿಗೆ ಬಂತು. "ಅದು ಸ್ವಲ್ಪ ಕಷ್ಟವೇ" ಎಂದ.

ಓಗುಮಾ ಬಿಳಿಚಿಕೊಂಡರು. ಇಲ್ಲಿ ಯಾರಾದರೂ 'ಸ್ವಲ್ಪ ಕಷ್ಟ' ಎಂದರೆ ಪ್ರಾಣ ಹೋದರೂ ಆಗದು ಎಂದೇ ಲೆಕ್ಕ. ನೀರು ಕಚೇರಿಯಲ್ಲಿ ಮೂವತ್ತೆಂಟು ವರ್ಷ ಅವರೇ ಆ ಮಾತು ಹೇಳಿ ಜನರನ್ನು ಸಾಗಹಾಕಿದ್ದರು. ಅವರಿಗೇ ಯಾರೂ ಹೇಳಿರಲಿಲ್ಲ. ಮೂರು ಸಲ ಬಾಗಿ, ಹಿಮ್ಮುಖವಾಗಿಯೇ ಮೆಟ್ಟಿಲಿಳಿದರು.

ಸಂಜೆಯ ಹೊತ್ತಿಗೆ ಸುದ್ದಿ ಬೀದಿ ತುಂಬಿತು. "ಮುಖಕ್ಕೆ ಮುಖ ಕೊಟ್ಟು ಹೇಳಿದ್ರಂತೆ." "ಮಿಠಾಯಿ ಡಬ್ಬಾನೂ ಬಿಚ್ಚಿರಲಿಲ್ವಂತೆ." "ಅಲ್ಲಿಯವರು ಹಾಗೇ, ಕುದುರೆ ಮೇಲೆ ಹುಟ್ಟಿದವರು." ಜಸೂರನಿಗೆ ಕುದುರೆ ಕಂಡರೆ ಭಯ. ಆದರೆ ಆ ವಿಷಯ ಯಾರೂ ಕೇಳಲಿಲ್ಲ.

ಮರುದಿನದಿಂದ ಅವನ ಬಾಗಿಲಲ್ಲಿ ಕಾಣಿಕೆಗಳು ಕಾಣಿಸಿಕೊಂಡವು. ಒಂದು ಚೀಲ ಮೂಲಂಗಿ. ಉಪ್ಪಿನಕಾಯಿ ಭರಣಿ. ಸೀಬೆಯಷ್ಟು ದಪ್ಪದ ನಾಲ್ಕು ಪರ್ಸಿಮನ್ ಹಣ್ಣು. ಯಾರೂ ಹೆಸರು ಬರೆದಿರಲಿಲ್ಲ. ಎದುರಾದವರೆಲ್ಲ ಮಾಮೂಲಿಗಿಂತ ನಾಲ್ಕು ಬೆರಳು ಹೆಚ್ಚು ಬಾಗುತ್ತಿದ್ದರು. ನಾಲ್ಕನೆಯ ದಿನ ತೊಕುಜಿ ತಾತನೇ ಮಹಡಿ ಹತ್ತಿ ಬಂದ. ಎಂಬತ್ತೊಂದು ವರ್ಷದ ಮುದುಕ, ಮಂಡಿಯೂರಿ ಕೂತು, ಸ್ನಾನಗೃಹದ ಹತ್ತು ಟಿಕೆಟ್ಟುಗಳ ಕಂತೆಯನ್ನು ಎರಡು ಕೈಯಲ್ಲಿ ಮುಂದಿಟ್ಟು ಕಣ್ಣೊರೆಸಿಕೊಂಡ.

"ಎಲ್ರೂ ಒತ್ತಿದ್ರು ಅಂತ ನಾನೂ ಒತ್ತಿದೆ. ಎಲ್ಲರಿಗೂ ಬೇಡವಾಯ್ತೇನೋ ಅಂದ್ಕೊಂಡೆ. ನೀವೊಬ್ಬರು ಮೊಹರು ತಲೆಕೆಳಗೊತ್ತಿ, ಸ್ನಾನಗೃಹ ಬೇಕು ಅಂದ್ರಲ್ಲ" ಎಂದ ತಾತ.

ಅಂತೂ ವಿಷಯ ಸ್ನಾನಗೃಹದ್ದೆಂದು ಜಸೂರನಿಗೆ ಆಗ ತಿಳಿಯಿತು. ಆದರೆ ಮೂರು ವರ್ಷದಲ್ಲಿ ಅವನು ಆ ಸ್ನಾನಗೃಹದ ಹೊಸಿಲು ತುಳಿದವನಲ್ಲ. ನಾಲ್ಕು ಜನರ ಮುಂದೆ ಬತ್ತಲೆ ನಿಲ್ಲುವುದೆಂದರೆ ಅವನಿಗೆ ಸಾವು. ದಿನಾ ಸೈಕಲ್ ತುಳಿದುಕೊಂಡು ವಿಶ್ವವಿದ್ಯಾಲಯದ ಈಜುಕೊಳಕ್ಕೆ ಹೋಗಿ, ಪರದೆ ಎಳೆದುಕೊಂಡು ಮೀಯುತ್ತಿದ್ದ.

ತಾತ ಹೋದ ಕೂಡಲೇ ಹಿಸಾಯೊ ಅಜ್ಜಿಯ ಬಳಿ ಓಡಿದ. "ಅಜ್ಜಿ, ಅದು ಬೇಕಂತ ಒತ್ತಿದ್ದಲ್ಲ. ಕೈ ತಪ್ಪಿ ತಲೆಕೆಳಗಾಯ್ತು."

ಅಜ್ಜಿ ನಕ್ಕಳು. "ಹಾಗೇ ಹೇಳಬೇಕು ಜಸೂರ್ ಸಾನ್. ದೊಡ್ಡ ಕೆಲಸ ಮಾಡಿದವರು ಹಾಗೇ ಹೇಳೋದು."

"ಇಲ್ಲ ಅಜ್ಜಿ, ನಿಜವಾಗ್ಲೂ. ನಾನು ಓದೇ ಇರಲಿಲ್ಲ."

"ನೋಡಿದ್ರಾ, ಎಷ್ಟು ವಿನಯ" ಎಂದು ಅಜ್ಜಿ ಬೇಲಿಯಾಚೆಯವರಿಗೆ ಕೂಗಿ ಹೇಳಿದಳು. ಮೂರು ವರ್ಷದಲ್ಲಿ ಅವನು ಆಡಿದ ಮೊದಲ ನಿಜ ಹೀಗೆ ಮಣ್ಣುಪಾಲಾಯಿತು.

ಬೀದಿ ಸಂಘ ಸಭೆ ಕರೆಯಿತು. ಚಾಪೆಯ ಮೇಲೆ ಮೂವತ್ತೊಂದು ಮನೆಯವರು ಸಾಲಾಗಿ ಕೂತರು. ಓಗುಮಾ ಗಂಟಲು ಸರಿಮಾಡಿಕೊಂಡು, "ಜಸೂರ್ ಸಾನ್ ಒಪ್ಪಿಲ್ಲ. ಸರಿ. ಆದ್ರೆ ಹಿಮ ಬೀಳೋಕೆ ಮುಂಚೆ ಛಾವಣಿ ರಿಪೇರಿ ಆಗಲೇಬೇಕು. ಗುತ್ತಿಗೆದಾರರು ಮಾರ್ಚ್‌ವರೆಗೆ ಬಿಡುವಿಲ್ಲ ಅಂತಾರೆ. ಕಟ್ಟಡ ವಿದ್ಯೆ ಓದಿದವರು ನೀವು. ನಿಮ್ಮ ಯೋಜನೆ ಏನು?" ಎಂದರು.

ಅರವತ್ತು ಕಣ್ಣು ಜಸೂರನತ್ತ ತಿರುಗಿದವು. ಯೋಜನೆ ಎಲ್ಲಿಂದ ಬರಬೇಕು? ತಲೆಯೊಳಗೆ ಹುಡುಕಿದರೆ ಅಲ್ಲಿ ಸಿಕ್ಕಿದ್ದು ಕೋಕಂದ ಒಂದೇ.

"ನಮ್ಮ ಮೊಹಲ್ಲಾದಲ್ಲಿ ಯಾರ ಮನೆ ಛಾವಣಿ ಹೋದ್ರೂ ಗುತ್ತಿಗೆದಾರನ್ನ ಕರೆಯಲ್ಲ. ಹಶರ್ ಮಾಡ್ತೀವಿ. ಅಂದ್ರೆ ಎಲ್ರೂ ಬಂದು ಕೈ ಹಚ್ಚೋದು. ಗಾರೆ ಬಲ್ಲವನು ಗಾರೆ, ಏನೂ ಬರದವನು ಇಟ್ಟಿಗೆ ಹೊರೋದು. ಮನೆಯವರು ದೊಡ್ಡ ಕಡಾಯಿಯಲ್ಲಿ ಪಲಾವ್ ಮಾಡಿ ಹಾಕ್ತಾರೆ. ಅಷ್ಟೇ" ಎಂದ.

ನಮ್ಮ ಬೀದಿಯ ಸಭೆಗಳಲ್ಲಿ ಮೌನವೂ ಕಲಾಪದ ಒಂದು ಭಾಗ. ಆದರೆ ಇಷ್ಟುದ್ದದ ಮೌನವನ್ನು ಯಾರೂ ಕಂಡಿರಲಿಲ್ಲ. ಜಸೂರ್ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದ.

"ನನಗೆ ಮೊಳೆ ಕೀಳೋಕೆ ಬರುತ್ತೆ" ಎಂದಳು ಹಿಸಾಯೊ ಅಜ್ಜಿ.

ಹಿಂದಿನ ಸಾಲಿನಿಂದ ಗೆನ್‌ಸಾಕು ಕೆಮ್ಮಿದ. ಗೆನ್‌ಸಾಕು ಹಳೆಯ ಬಡಗಿ; ಉಳಿ ಕೆಳಗಿಟ್ಟು ಒಂಬತ್ತು ವರ್ಷವಾಗಿತ್ತು, ಆದರೂ ಯಾರ ಮನೆಗೆ ಹೋದರೂ ಬಾಗಿಲು ಎಳೆದು ನೋಡಿ ಬೈಯುವ ಅಭ್ಯಾಸ ಬಿಟ್ಟಿರಲಿಲ್ಲ. "ಆ ತೊಲೆ ನನ್ನಪ್ಪ ಕೂರಿಸಿದ್ದು. ಬೇರೆಯವನು ಮುಟ್ಟಿದ್ರೆ ನಾನು ಸುಮ್ನಿರಲ್ಲ" ಎಂದ.

ಎಲ್ಲರೂ ಓಗುಮಾರತ್ತ ನೋಡಿದರು. ಅವರು ಕಾಗದ ಮಡಚಿ, ಬಿಚ್ಚಿ, ಮತ್ತೆ ಮಡಚಿದರು. "ನೀರಿನ ಕೊಳವೆ ನಾನು ನೋಡ್ಕೋತೀನಿ. ನಿಜ ಹೇಳಬೇಕಂದ್ರೆ ತೊಕುಜಿ ಸಾನ್‌ಗೆ ಸುಸ್ತಾಗಿದೆ, ಅವರಿಗೆ ಬಿಡುಗಡೆ ಸಿಗಲಿ ಅಂತ ಆ ಸುತ್ತೋಲೆ ಬರೆದೆ. ನಾನೂ ಐವತ್ತು ವರ್ಷದಿಂದ ಅಲ್ಲೇ ಸ್ನಾನ ಮಾಡ್ತಿರೋದು" ಎಂದರು. ಹೀಗೆ, ಆ ಸ್ನಾನಗೃಹ ಹೋಗಲಿ ಎಂದು ಬಯಸಿದವರು ಬೀದಿಯಲ್ಲಿ ಒಬ್ಬರೂ ಇರಲಿಲ್ಲವೆಂಬುದು ಅಧಿಕೃತವಾಗಿ ಗೊತ್ತಾಯಿತು. ಇನ್ನು ಹದಿನಾಲ್ಕು ಮೊಹರು ನೆಟ್ಟಗೆ ಬಿದ್ದಿದ್ದರೆ ಎಲ್ಲರೂ ಸೇರಿ, ಅತ್ಯಂತ ಸೌಜನ್ಯದಿಂದ, ಅದನ್ನು ಕೆಡವಿಬಿಡುತ್ತಿದ್ದರು.

ಮರುದಿನದಿಂದ ಜಸೂರ್ ಅಳತೆ ಟೇಪು ಹಿಡಿದು ಸ್ನಾನಗೃಹದಲ್ಲೇ ಬೀಡುಬಿಟ್ಟ. ತೊಲೆ, ಜಂತೆ, ಕಿಟಕಿ, ಕೊನೆಗೆ ಚಪ್ಪಲಿ ಗೂಡುಗಳನ್ನೂ ಅಳೆದ. ಪ್ರತಿ ಸಂಜೆ ತೊಕುಜಿ ತಾತ, "ದಣಿದಿದ್ದೀರಿ, ನೀರು ಕಾದಿದೆ, ಇಳಿಯಿರಿ" ಎನ್ನುತ್ತಿದ್ದ. ಜಸೂರ್ ಕೋಟಿನ ಗುಂಡಿ ಕುತ್ತಿಗೆಯವರೆಗೆ ಹಾಕಿಕೊಂಡು, "ಕೆಲಸ ಮುಗೀಲಿ ತಾತ, ಆಮೇಲೆ" ಎಂದು ಜಾರಿಕೊಳ್ಳುತ್ತಿದ್ದ. ಇದೂ ಬೀದಿಯಲ್ಲಿ ಸುತ್ತಾಡಿ ಬಂತು. ಛಾವಣಿ ನಿಲ್ಲುವವರೆಗೆ ತ್ಸುರುವಿನ ನೀರು ಮುಟ್ಟುವುದಿಲ್ಲವೆಂದು ಜಸೂರ್ ಸಾನ್ ಹರಕೆ ಹೊತ್ತಿದ್ದಾರೆ, ಮುಗಿದ ದಿನ ಮೊದಲ ಸ್ನಾನ ಅವರದೇ. ಕೇಳಿದವರೆಲ್ಲ ಗದ್ಗದಿತರಾದರು. ಜಸೂರ್ ಒಬ್ಬನಿಗೆ ಮಾತ್ರ ಬೆವರು ಇಳಿಯಿತು.

ಗೆನ್‌ಸಾಕು ಅವನನ್ನು ಹುರಿದು ಮುಕ್ಕಿದ. "ಹುಡುಗ, ಈ ನಕ್ಷೆಯಲ್ಲಿ ತೊಲೆ ಗಾಳಿಯಲ್ಲಿ ತೇಲ್ತಾ ಇದೆ. ನಿಮ್ಮ ಕಾಲೇಜಲ್ಲಿ ತೊಲೆಗೆ ರೆಕ್ಕೆ ಇರುತ್ತಾ?" ಜಸೂರ್ ಅಳಿಸಿ ಬರೆದ. "ಈ ಬಟ್ಟೆ ಗೂಡು ಇಷ್ಟು ಎತ್ತರ ಯಾಕೆ? ಹಿಸಾಯೊಗೆ ಭುಜ ಏಳಲ್ಲ, ಗೊತ್ತಿಲ್ವಾ?" ಮತ್ತೆ ಬರೆದ. ತೊಕುಜಿ ತಾತನಿಗೆ ಮಂಡಿ ನೋವು, ಅವನ ಗಲ್ಲಾಪೆಟ್ಟಿಗೆಯ ಮೆಟ್ಟಿಲು ತಗ್ಗಬೇಕು. ಓಗುಮಾರಿಗೆ ಸ್ನಾನದ ನಂತರ ಕೂತು ಹಾಲು ಕುಡಿಯಲು ಕಿಟಕಿಯ ಪಕ್ಕವೇ ಬೆಂಚು ಬೇಕು. ಇಪ್ಪತ್ತು ಸಲ ಅಳಿಸಿ, ಇಪ್ಪತ್ತೊಂದನೆಯ ನಕ್ಷೆಗೆ ಗೆನ್‌ಸಾಕು ಏನೂ ಅನ್ನದೆ ಬೀಡಿಯಷ್ಟು ಚಿಕ್ಕದಾದ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಎದ್ದ. ಅದೇ ಒಪ್ಪಿಗೆ.

ತ್ಸುರು ಎಂದರೆ ಕೊಕ್ಕರೆ; ಗೋಡೆಯ ಮೇಲೆ ಬಿಲ್ಲೆಗಳಲ್ಲಿ ಕೂಡಿಸಿದ ಆ ಕೊಕ್ಕರೆಗೆ ಒಂದು ಕಾಲು ಉದುರಿಹೋಗಿತ್ತು. ಜಸೂರ್ ಮಾವನಿಗೆ ಫೋನು ಮಾಡಿದ. "ಕುರ್ಚಿ ಕೇಳ್ತಾನೆ ಅಂದ್ಕೊಂಡಿದ್ದೆ, ಬಿಲ್ಲೆ ಕೇಳ್ತಿದ್ದಾನೆ" ಎಂದು ಮಾವ ಗೊಣಗಿದರೂ ಒಂದು ಪೆಟ್ಟಿಗೆ ಕಳಿಸಿದ. ಕೋಕಂದದ ಬಿಲ್ಲೆ ನೀಲಿ ಬಿಟ್ಟು ಬೇರೆ ಬಣ್ಣಕ್ಕೆ ಒಗ್ಗುವುದಿಲ್ಲ. ಹೀಗೆ ನಮ್ಮ ಕೊಕ್ಕರೆಗೆ ಒಂದು ಕಾಲು ನೀಲಿ.

ಹಶರ್ ಡಿಸೆಂಬರ್ ಮೊದಲ ವಾರ ಶುರುವಾಗಿ, ಮಳೆಯಿಂದ ಮೂರು ದಿನ ತಡವಾಗಿ, ಕೊನೆಯ ದಿನ ನೇರವಾಗಿ ಡಿಸೆಂಬರ್ ಹತ್ತಕ್ಕೇ ಬಂದು ಬಿತ್ತು. ಅಂದು ಮಧ್ಯಾಹ್ನ ಎರಡಕ್ಕೆ ಕುರೊಸು ಮೇಷ್ಟ್ರ ಮುಂದೆ ಮಾದರಿ ಇಡಬೇಕು. ಮಾದರಿ ಎಲ್ಲಿದೆ? ಅರ್ಧಕ್ಕೆ ನಿಂತ ಅದನ್ನು ಗೆನ್‌ಸಾಕು ತೊಲೆಯ ಕೆಳಗೆ ಸಂದು ತುಂಬಲು ಕತ್ತರಿಸಿ ಬಳಸಿಬಿಟ್ಟಿದ್ದ. ಜಸೂರ್ ಹೆಂಚಿನ ಮೇಲೆ ನಿಂತುಕೊಂಡೇ ಫೋನು ಹಚ್ಚಿದ.

"ಗುರುಗಳೇ, ಮಾದರಿ ತರೋಕಾಗ್ತಿಲ್ಲ, ಯಾನಾಗಿ ಬೀದಿಯ ತ್ಸುರು ಸ್ನಾನಗೃಹದಲ್ಲಿದೆ. ದೊಡ್ಡದಾಗಿದೆ."

"ಎಷ್ಟು ದೊಡ್ಡದು?"

"ಇದ್ದಷ್ಟೇ ದೊಡ್ಡದು, ಗುರುಗಳೇ."

"ಅದು ಸ್ವಲ್ಪ ಕಷ್ಟ" ಎಂದರು ಮೇಷ್ಟ್ರು. ಫೋನು ಕಟ್ಟಾಯಿತು.

ಜಸೂರ್ ಹೆಂಚಿನ ಮೇಲೆ ಕುಸಿದು ಕೂತ. ಮೂರು ವರ್ಷ, ಅಮ್ಮನ ಕನಸು, ಕಹಳೆ, ಎಲ್ಲ ಮುಗಿಯಿತು. ಕೆಳಗೆ ಬಾಯ್ಲರಿನ ಅಂಗಳದಲ್ಲಿ ಕಡಾಯಿಯ ಕುರಿಮಾಂಸ ತಳ ಹಿಡಿಯುತ್ತಿತ್ತು. "ಜಸೂರ್ ಸಾನ್, ಕ್ಯಾರೆಟ್ ಈಗ ಹಾಕ್ಬೇಕಾ?" ಎಂದು ಹಿಸಾಯೊ ಅಜ್ಜಿ ಕೂಗಿದಳು. ಮೂವತ್ತೊಂದು ಮನೆಯ ಹೊಟ್ಟೆ ಕಾಯುತ್ತಿರುವಾಗ ಅಳುತ್ತ ಕೂರಲಾಗದು. ಕಣ್ಣೊರೆಸಿಕೊಂಡು ಇಳಿದು ಕ್ಯಾರೆಟ್ ಹಾಕಿದ.

ನಾಲ್ಕು ಗಂಟೆಗೆ ಕೊನೆಯ ಹೆಂಚು ಕೂತಿತು. ಮೊದಲ ಹಿಮ ಬೀಳತೊಡಗಿತು. ಒಳಗೆ ಒಂದು ಹನಿಯೂ ಸೋರಲಿಲ್ಲ. ಎಲ್ಲರೂ ಪಲಾವ್ ತಿಂದರು. ಓಗುಮಾ ಮೂರು ಸಲ ಹಾಕಿಸಿಕೊಂಡು, ಅಧ್ಯಕ್ಷನಾಗಿ ರುಚಿ ಪರೀಕ್ಷಿಸುತ್ತಿದ್ದೇನೆಂದರು. ಆಮೇಲೆ ಜಸೂರ್ ಹೆದರುತ್ತಿದ್ದ ಗಳಿಗೆ ಬಂತು. ಹೆಂಗಸರು ತಮ್ಮ ಕಡೆಗೆ ಹೋದರು. ಗಂಡಸರ ಕಡೆ ಹದಿನೈದು ಜನ ಬಟ್ಟೆ ಕಳಚಿ, ಮೈ ತೊಳೆದುಕೊಂಡು, ಹರಕೆ ಹೊತ್ತವನು ಮೊದಲು ಇಳಿಯಲೆಂದು ತೊಟ್ಟಿಯ ಸುತ್ತ ಕಾದು ನಿಂತರು.

ಜಸೂರನಿಗೆ ಉಳಿದಿದ್ದು ಅಂಗೈಯಗಲದ ಒಂದು ಟವೆಲು. ಅದನ್ನು ನೀರಿಗೆ ತಾಗಿಸಬಾರದೆಂದು ನಿಯಮ. ಮೈ ಇಳಿದಷ್ಟೂ ಟವೆಲು ಏರಿತು. ನೀರು ಕುತ್ತಿಗೆಗೆ ಬರುವಾಗ ಟವೆಲು ತಲೆಯ ಮೇಲಿತ್ತು. ಚಪ್ಪಾಳೆ ಬಿತ್ತು. ನೀರು ಸುಡುತ್ತಿತ್ತು. ಆದರೂ ಮೈಯ ನೋವೆಲ್ಲ ಕರಗಿ ಹೋಗುವಂತಾಗಿ, ಇಷ್ಟು ದಿನ ಎಂಥ ಸುಖ ಕಳೆದುಕೊಂಡೆನಲ್ಲ ಎಂದು ಅವನಿಗೆ ಅಳುವೇ ಬಂತು. ಹದಿನಾಲ್ಕು ಜನ ಅವನ ಹಿಂದೆಯೇ ಇಳಿದರು.

ಹದಿನೈದನೆಯವನು ಹಬೆಯೊಳಗಿನಿಂದ ನಿಧಾನವಾಗಿ ಬಂದು ಪಕ್ಕದಲ್ಲಿ ಮುಳುಗಿದ. "ಹೂಂ" ಎಂದ.

ಜಸೂರ್ ನೀರೊಳಗೇ ಎದ್ದು ನಿಲ್ಲಲು ಹೋದವನು ತನ್ನ ಸ್ಥಿತಿ ನೆನಪಾಗಿ ಕೂತ. "ಗುರುಗಳೇ!"

"ತೊಂದರೆಯೇನೂ ಇಲ್ಲ, ಕೂತ್ಕೊ. ಮಾದರಿ ಬರದಿದ್ರೆ ಮೇಷ್ಟ್ರು ಬರಬೇಕು, ಅದು ಸ್ವಲ್ಪ ಕಷ್ಟ ಅಂದೆ. ಬಸ್ಸು ಎರಡು ಬದಲಾಯಿಸ್ಬೇಕು." ಮೇಷ್ಟ್ರು ತಲೆಯೆತ್ತಿ ಛಾವಣಿಯ ಕಡೆ ನೋಡಿದರು. ಹೊಸ ತೊಲೆ ಹಳೆಯದಕ್ಕೆ ಕೂಡಿದ ಜಾಗ, ತಗ್ಗಿಸಿದ ಗೂಡು, ಬೆಂಚು, ಕೊಕ್ಕರೆಯ ನೀಲಿ ಕಾಲು, ಎಲ್ಲ ನೋಡಿದರು. ಕೊನೆಗೆ ಕುತ್ತಿಗೆವರೆಗೆ ಮುಳುಗಿ ಕಣ್ಣು ಮುಚ್ಚಿದ ಮುದುಕರನ್ನು ನೋಡಿದರು.

"ತುರ್ಸುನೋವ್, ಇವರು ಏನು ಮಾಡ್ತಿದಾರೆ?"

ಜಸೂರ್ ಸುತ್ತ ಕಣ್ಣಾಡಿಸಿದ. "ಇವರು ಓಗುಮಾ ಸಾನ್, ಸ್ನಾನ ಆದ ಮೇಲೆ ಆ ಬೆಂಚಿನ ಮೇಲೆ ಹಾಲು ಕುಡೀತಾರೆ. ಇವರು ಗೆನ್‌ಸಾಕು ಸಾನ್, ಅವರಪ್ಪನ ತೊಲೆ ನೋಡ್ಕೊಂಡು ನನ್ನ ತೊಲೆ ಬೈಯ್ತಿದಾರೆ. ಆಚೆ ಗೋಡೆ ಪಕ್ಕ ಹಿಸಾಯೊ ಅಜ್ಜಿ ಭುಜಕ್ಕೆ ಬಿಸಿನೀರು ಹಾಕ್ಕೋತಿದಾರೆ, ಹಾಡು ಕೇಳಿಸ್ತಿದೆಯಲ್ಲ. ಯಾರೂ ಸುಮ್ನೆ ನಿಂತಿಲ್ಲ, ಗುರುಗಳೇ."

ಮೇಷ್ಟ್ರು ಕೈಯೆತ್ತಿ ತೊಕುಜಿ ತಾತನನ್ನು ಕರೆದು, ತಮ್ಮ ಕೋಟಿನ ಜೇಬಿನಲ್ಲಿದ್ದ ಜಸೂರನ ಪರೀಕ್ಷೆಯ ಕಾಗದ, ಮೊಹರು ಎರಡನ್ನೂ ತರಿಸಿಕೊಂಡರು. ತೊಟ್ಟಿಯ ಅಂಚಿನಲ್ಲಿಟ್ಟು ಒತ್ತಿದರು. ಹದಿನಾಲ್ಕು ಒದ್ದೆ ತಲೆಗಳು ಬಂದು ಬಗ್ಗಿದವು.

ಮೊಹರು ತಲೆಕೆಳಗಾಗಿತ್ತು.

ಆಚೆಯ ಹಾಡೂ ನಿಂತಿತು. "ಗುರುಗಳೇ, ಇದು ತಲೆಕೆಳಗಾಗಿದೆ" ಎಂದ ಜಸೂರ್, ಸತ್ತ ದನಿಯಲ್ಲಿ.

"ಗೊತ್ತು" ಎಂದರು ಮೇಷ್ಟ್ರು. "ನೀನು ಪಾಸು. ಕಟ್ಟಡ ಚೆನ್ನಾಗಿದೆ. ನೀರು ಮಾತ್ರ ವಿಪರೀತ ಬಿಸಿ. ಅದಕ್ಕೆ ನನ್ನ ಒಪ್ಪಿಗೆಯಿಲ್ಲ."

ಛಾವಣಿ ಹಾರಿಹೋಗುವಂತೆ ಕೂಗೆದ್ದಿತು. ಹಾರಲಿಲ್ಲ, ಗೆನ್‌ಸಾಕು ಕೂರಿಸಿದ್ದಲ್ಲವೇ. ಓಗುಮಾ ಅಧ್ಯಕ್ಷಗಿರಿ ಮರೆತು ಜಸೂರನನ್ನು ಅಪ್ಪಿಕೊಂಡರು. ಅಂದು ಕೋಕಂದದಲ್ಲಿ ಮಾವ ಆ ಕುರ್ಚಿಯ ಮೇಲೆ ಬೇರೆಯವರನ್ನು ಕೂರಿಸಿದ.

ಮುಂದಿನ ವಾರ ಸುತ್ತೋಲೆ ಬಂತು. ಜಸೂರ್ ನಿಘಂಟು ಇಟ್ಟುಕೊಂಡು ಒಂದೊಂದೇ ಅಕ್ಷರ ಕೂಡಿಸಿ, ಹಿಸಾಯೊ ಅಜ್ಜಿಯನ್ನು ನಾಲ್ಕು ಸಲ ನಾಚಿಕೆ ಬಿಟ್ಟು ಕೇಳಿ, ಒಂದು ಗಂಟೆಯಲ್ಲಿ ಪೂರ್ತಿ ಓದಿದ. ಪ್ರೊಫೆಸರರ ಆಕ್ಷೇಪದ ಮೇರೆಗೆ ನೀರಿನ ಬಿಸಿ ಎರಡು ಡಿಗ್ರಿ ಇಳಿಸುವುದು, ಎಲ್ಲರೂ ಒಪ್ಪಿ ಮೊಹರು ಒತ್ತಬೇಕಾಗಿ ವಿನಂತಿ. ಅವನ ಮುಂಚಿನ ಹದಿನೇಳು ಚೌಕಗಳನ್ನು ನೋಡಿದ. ನಕ್ಕ. ಮೊಹರಿನ ಮೇಲುಗಡೆ ಯಾವುದೆಂದು ಎರಡು ಸಲ ಖಾತ್ರಿ ಮಾಡಿಕೊಂಡು, ತಿರುಗಿಸಿ, ಗಟ್ಟಿಯಾಗಿ ಒತ್ತಿದ. ಈಗ ಹದಿನೆಂಟೂ ತಲೆಕೆಳಗು.